ಮೂರನೆಯ ಡಿಸ್ಕು

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಆಕೆಯನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಸಿಡುಕಮ್ಮ. ಆ ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಆಕೆಯ ಅತ್ತೆಯೇ. ಯಾವತ್ತೋ ರಕ್ತ ಪರೀಕ್ಷೆಗೆ ಬಂದಾಗ ಕೌಂಟರಿನಲ್ಲಿ ನಿಂತು, ನಮ್ಮ ಸಿಡುಕಮ್ಮ ಎಲ್ಲಿ ಕೂರುತ್ತಾಳೆ ಎಂದು ಕೇಳಿದ್ದರು. ಅಷ್ಟು ಸಾಕಾಯಿತು, ಸಂಜೆಯೊಳಗೆ ಐದು ಮಹಡಿಗೂ ಸುದ್ದಿ ಹಬ್ಬಿತು. ಸರಿ, ಸಿಡುಕುತ್ತಿದ್ದಳು, ಇಲ್ಲವೆನ್ನುವವರು ಯಾರು? ಆದರೆ ಅವಳಿದ್ದ ಜಾಗದಲ್ಲಿ ಒಂದು ವಾರ ಕೂತು ನೋಡಿ, ಆಮೇಲೆ ಮಾತಾಡಿ.

ನೆಲಮಾಳಿಗೆಯಲ್ಲಿ, ಮುರಿದ ಮಂಚಗಳನ್ನು ಒಟ್ಟಿದ ಕೋಣೆಯ ಪಕ್ಕ ಆಕೆಯ ಸರ್ವರ್ ರೂಮು. ಒಳಗೆ ಎರಡು ಸರ್ವರು, ಎರಡೂ ಹಂಚಿಕೊಂಡು ಬಳಸುವ ಒಂದೇ ಡಿಸ್ಕುಗಳ ಪೆಟ್ಟಿಗೆ. ಹದಿನಾಲ್ಕು ವರ್ಷಗಳಿಂದ ಆ ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನುಗಳೆಲ್ಲ ಪೆಟ್ಟಿಗೆಯ ಒಂದು ದೊಡ್ಡ ಡಿಸ್ಕಿನಲ್ಲಿದ್ದವು. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಪ್ರತಿ ಇಡಲೆಂದು ಹೊಸ ಡಿಸ್ಕೊಂದನ್ನು ತರಿಸಿ ಅದೇ ಪೆಟ್ಟಿಗೆಗೆ ಹಾಕಿದ್ದರು, ಅದಿನ್ನೂ ಖಾಲಿಯಾಗಿ ಕೂತಿತ್ತು.

ಸರ್ವರುಗಳಿಗೆ ಒಂದು ಕೆಟ್ಟ ಚಾಳಿ. ಪ್ರತಿ ಸಲ ಆನ್ ಮಾಡಿದಾಗ ಡಿಸ್ಕುಗಳು ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೋ ಅದೇ ಕ್ರಮದಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಕರೆಯುತ್ತವೆ. ನಿನ್ನೆ ಎರಡನೆಯದಾಗಿದ್ದದ್ದು ಇವತ್ತು ಮೂರನೆಯದಾಗಬಹುದು. ಹಾಗಾಗದಂತೆ ಮಾಡುವುದು ಕಷ್ಟವೇನಲ್ಲ. ಪ್ರತಿ ಡಿಸ್ಕಿಗೂ ಹುಟ್ಟುವಾಗಲೇ ಬಂದ ಉದ್ದನೆಯ ನಂಬರೊಂದಿರುತ್ತದೆ, ಅದು ಎಂದೂ ಬದಲಾಗದು. ಈ ನಂಬರಿನದಕ್ಕೆ ಇದೇ ಹೆಸರು ಎಂದು ಒಂದು ಫೈಲಿನಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಮುಗಿಯಿತು.

ಆ ನಾಲ್ಕು ಸಾಲು ಬರೆಯಲು ಆಕೆ ಮೂರು ವರ್ಷ ಒದ್ದಾಡಿದಳು. ಅಡ್ಡ ನಿಂತವರು ಆಕೆಯ ಮೇಲಧಿಕಾರಿ, ಲ್ಯಾಮಿನೇಷನ್ ಸಾಹೇಬರು. ಯಾವ ಕೆಲಸವಿದ್ದರೂ ಅದರ ಕ್ರಮವನ್ನು ಅಂಕೆ ಹಾಕಿ ಬರೆದು, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ತೂಗು ಹಾಕುವುದು ಅವರ ಪದ್ಧತಿ. ಒಮ್ಮೆ ಪ್ಲಾಸ್ಟಿಕ್ ಹೊದೆಯಿತೆಂದರೆ ಅದು ಶಿಲಾಶಾಸನ. ಡಿಸ್ಕಿನ ಹಾಳೆಯಲ್ಲಿ ಮೊದಲನೆಯದು ಸರ್ವರಿನ ಸ್ವಂತದ್ದು, ಎರಡನೆಯದು ಸ್ಕ್ಯಾನು, ಮೂರನೆಯದು ಖಾಲಿ ಎಂದು ಬರೆದಿತ್ತು. ಹಾಳೆ ಬರೆದ ದಿನ ಅದು ನಿಜವೂ ಆಗಿತ್ತು. ಆಕೆ ಹೇಳಿದಳು, ಬರೆದು ಕೊಟ್ಟಳು, ಚಿತ್ರ ಬಿಡಿಸಿ ತೋರಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೊಂದು ದಿನ ತಲೆ ಕೆಟ್ಟು ಕೇಳಿಯೇಬಿಟ್ಟಳು.

"ಬೆಂಚಿನ ಮೇಲೆ ಕೂತಿರೋ ಪೇಷೆಂಟುಗಳನ್ನ ಮೊದಲನೆಯವರು, ಎರಡನೆಯವರು ಅಂತ ಕರ್ಕೊಂಡು ಹೋಗಿ ಆಪರೇಷನ್ ಮಾಡ್ತಾರಾ ಸಾರ್? ಯಾರಾದ್ರೂ ನೀರು ಕುಡಿಯೋಕೆ ಎದ್ದು ಹೋದ್ರೆ ಗತಿ ಏನು?"

ಸಾಹೇಬರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಕೊಟ್ಟರು. ಒಂದು ಮೆಷಿನ್ನಿಗೆ ಮಾಡಿ, ಆರು ತಿಂಗಳು ನೋಡಿ ಇನ್ನೊಂದರ ಮಾತು ಆಡೋಣ ಎಂದರು. ಆಕೆ ಮೊದಲನೆಯ ಸರ್ವರಿನಲ್ಲಿ ಹಳೆಯ ಡಿಸ್ಕಿಗೆ 'ಸ್ಕ್ಯಾನು', ಹೊಸದಕ್ಕೆ 'ಖಾಲಿ' ಎಂದು ಹೆಸರು ಕಟ್ಟಿದಳು. ಅಲ್ಲಿ ಮತ್ತೆ ತಕರಾರು ಬರಲಿಲ್ಲ. ಆದರೆ ಡಾಕ್ಟರುಗಳು ಸ್ಕ್ಯಾನು ತೆರೆದು ನೋಡುವುದು ಎರಡನೆಯ ಸರ್ವರಿನ ಮೂಲಕ. ಮುಂಬಾಗಿಲಿಗೆ ಬೀಗ ಜಡಿದು ಹಿಂಬಾಗಿಲು ತೆರೆದಿಟ್ಟ ಹಾಗಿತ್ತು ಈ ವ್ಯವಸ್ಥೆ. ಇದಕ್ಕೆ ಯಾರಿಗೆ ಮೈ ಉರಿಯುವುದಿಲ್ಲ ಹೇಳಿ.

ಹೀಗಿರುವಾಗ ಅತ್ತೆಗೆ ಕೆಮ್ಮು ಹಿಡಿಯಿತು. ಮೂರು ವಾರವಾದರೂ ಬಿಡದಿದ್ದಾಗ ಸ್ಕ್ಯಾನು ಮಾಡಿಸಿದರು. ಕೈಗೆ ಬಂದ ಫಿಲ್ಮಿನಲ್ಲಿ, ಬಲಗಡೆಯ ಶ್ವಾಸಕೋಶದೊಳಗೆ ಕಡಲೆಕಾಳಿನಷ್ಟು ಒಂದು ಚುಕ್ಕೆ ಕಂಡಿತು. ಆರು ವರ್ಷದ ಹಿಂದೆ ಮೆಟ್ಟಿಲಿನಿಂದ ಜಾರಿ ಪಕ್ಕೆಲುಬು ಮುರಿದಾಗ ಅತ್ತೆಗೆ ಇಲ್ಲೇ ಸ್ಕ್ಯಾನು ಆಗಿತ್ತು. ಡಾಕ್ಟರು ಬಿಡಿಸಿ ಹೇಳಿದರು: ಆ ಹಳೆಯ ಚಿತ್ರದಲ್ಲೂ ಚುಕ್ಕೆ ಇಷ್ಟೇ ಇದ್ದರೆ ಅದರ ಪಾಡಿಗೆ ಅದನ್ನು ಬಿಡಬಹುದು. ಇಲ್ಲದಿದ್ದರೆ ತಡಮಾಡದೆ ಕೊಯ್ದು ತೆಗೆಯಬೇಕು. ಹಳೆಯದು ಸಿಗದೇ ಹೋದರೆ ಮೂರು ತಿಂಗಳು ಕಾದು, ಬೆಳೆಯುತ್ತದೆಯೇ ಎಂದು ನೋಡಬೇಕು.

ಹಳೆಯದನ್ನು ಹುಡುಕಿದರೆ, ಯಾವ ಚಿತ್ರವೂ ಇಲ್ಲ ಎಂದು ಕಂಪ್ಯೂಟರು ಹೇಳಿತು. ಡಾಕ್ಟರು ಮೂರು ಸಲ ಪ್ರಯತ್ನಿಸಿದರು. ಅತ್ತೆ ಪಕ್ಕದಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು.

"ಹದಿನಾಲ್ಕು ವರ್ಷದ್ದು ಜೋಪಾನ ಮಾಡಿದೀನಿ ಅಂತ ಮನೇಲಿ ಜಂಬ ಕೊಚ್ಕೋತಿದ್ದೆಯಲ್ಲೇ. ನನ್ನದೊಂದೇ ಇಲ್ವಾ?"

ಆಕೆಗೆ ಥಟ್ಟನೆ ಹೊಳೆಯಿತು. ಬೆಳಿಗ್ಗೆ ವೈರು ಬದಲಿಸಲು ಎಲೆಕ್ಟ್ರಿಷಿಯನ್ ಕರೆಂಟು ತೆಗೆದಿದ್ದ. ಸರ್ವರುಗಳು ಆರಿ ಮತ್ತೆ ಹೊತ್ತಿಕೊಂಡಿದ್ದವು. ಎರಡನೆಯ ಸರ್ವರಿನಲ್ಲಿ ಡಿಸ್ಕುಗಳು ಅದಲುಬದಲಾಗಿರಬೇಕು. ಸ್ಕ್ಯಾನು ಇರಬೇಕಾದಲ್ಲಿ ಅದು ಖಾಲಿ ಡಿಸ್ಕನ್ನು ನೋಡುತ್ತಿದೆ. ಅಷ್ಟೇ ಆದರೆ ಸರಿಪಡಿಸಬಹುದಿತ್ತು. ಆದರೆ ಹೊಸ ಡಿಸ್ಕನ್ನು ಅಳಿಸಿ ಸಿದ್ಧ ಮಾಡುವ ಕೆಲಸವನ್ನು ಸಾಹೇಬರು ಇವತ್ತಿಗೇ ಇಟ್ಟುಕೊಂಡಿದ್ದರು, ಅದೂ ಎರಡನೆಯ ಸರ್ವರಿನಿಂದ. ಇದು ನೆನಪಾಗಿ ಆಕೆ ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಇಳಿದು ಓಡಿದಳು.

ಸಾಹೇಬರು ಕೂತಿದ್ದರು. ಮೂರನೆಯ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಪರದೆ ಕೇಳುತ್ತಿತ್ತು. ಸರಿ ಎಂದು ಒಂದೇ ಬೆರಳಿನಲ್ಲಿ ಟೈಪು ಮಾಡಿಯಾಗಿತ್ತು, ಎಂಟರ್ ಒತ್ತುವುದೊಂದೇ ಬಾಕಿ. ಅವರ ಹಾಳೆಯ ಒಂಬತ್ತನೆಯ ಅಂಶ, ಒತ್ತುವ ಮುನ್ನ ಎಲ್ಲವನ್ನೂ ಮೊದಲಿನಿಂದ ಓದಿ ಎಂದಿತ್ತು. ಪುಣ್ಯಾತ್ಮ ಓದುತ್ತಿದ್ದರು.

"ಸಾರ್, ಕೈ ತೆಗೀರಿ."

"ಯಾಕೆ? ಮೂರನೆಯದು ಖಾಲಿ. ಹಾಳೆಯಲ್ಲೇ ಇದೆಯಲ್ಲ."

ಆಕೆ ವಾದಕ್ಕಿಳಿಯಲಿಲ್ಲ. ಮೊದಲನೆಯ ಸರ್ವರಿನ ಪರದೆಯಲ್ಲಿ ನಂಬರು-ಹೆಸರುಗಳ ಆ ಫೈಲು ತೆರೆದು ಅವರನ್ನು ಅದರ ಮುಂದೆ ಕೂರಿಸಿ, ತಾನು ಎರಡನೆಯದರಲ್ಲಿ ಅಳಿಸುವ ಆಜ್ಞೆಯನ್ನು ರದ್ದು ಮಾಡಿ ಮೂರನೆಯ ಡಿಸ್ಕಿನ ಉದ್ದನೆಯ ನಂಬರನ್ನು ತೆಗೆದು ಒಂದೊಂದೇ ಅಂಕೆಯನ್ನು ಗಟ್ಟಿಯಾಗಿ ಓದಿದಳು. ಅವರು ಬೆರಳಿಟ್ಟು ತಾಳೆ ನೋಡುತ್ತ ಹೋದರು. ಕೊನೆಯ ಅಂಕೆ ಮುಗಿದಾಗ ಅವರ ಬೆರಳಿನ ಪಕ್ಕದಲ್ಲಿದ್ದ ಹೆಸರು 'ಸ್ಕ್ಯಾನು' ಎಂದಿತ್ತು. ಸಾಹೇಬರು ಅದನ್ನು ಎರಡು ಸಲ ಓದಿದರು.

"ಮೂರು ವರ್ಷದಿಂದ ಬಡ್ಕೋತಾ ಇದೀನಿ ಸಾರ್," ಎಂದಳು ಆಕೆ. "ನಮ್ಮತ್ತೆ ಇದಾರೆ ಸಾರ್ ಅದರಲ್ಲಿ. ಇಡೀ ಊರೇ ಇದೆ."

ಅವರು ತಪ್ಪಾಯಿತು ಎನ್ನಲಿಲ್ಲ. ಎದ್ದು, ಕುರ್ಚಿಯನ್ನು ಆಕೆಯ ಕಡೆ ಸರಿಸಿ, "ಇದಕ್ಕೂ ಹೆಸರು ಹಾಕ್ಬಿಡಮ್ಮ," ಎಂದರು. ಅಲ್ಲಿಯವರೆಗೆ ಅವರು ಆಕೆಯನ್ನು ಮೇಡಂ ಬಿಟ್ಟು ಬೇರೇನೂ ಕರೆದವರಲ್ಲ. ನಾಲ್ಕು ಸಾಲು, ಹತ್ತು ನಿಮಿಷದ ಕೆಲಸ. ಮೂರು ವರ್ಷ ಬೇಕಾಗಿದ್ದು ಇಷ್ಟಕ್ಕೆ! ಎರಡು ಸಲ ಆರಿಸಿ ಹೊತ್ತಿಸಿ, ಹೆಸರು ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಆಕೆ ಮೇಲೆ ಹೋದಳು.

ಈಗ ಚಿತ್ರ ತೆರೆಯಿತು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ತುಂಬಾ ಹೊತ್ತು ನೋಡಿದರು. ಆಕೆಗೆ ಡಾಕ್ಟರಿಕೆ ಗೊತ್ತಿಲ್ಲ, ಆದರೆ ಕಣ್ಣಿತ್ತು. ಆರು ವರ್ಷದ ಹಿಂದೆ ಆ ಜಾಗದಲ್ಲಿ ಏನೂ ಇರಲಿಲ್ಲ. ಚಿತ್ರ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ಮೆಟ್ಟಿಲು ಹತ್ತಿ ಬಂದವಳಿಗೆ ಯಾರನ್ನಾದರೂ ಬೈಯಬೇಕೆನ್ನಿಸಿತು, ಬೈಯಲು ಒಬ್ಬರೂ ಇರಲಿಲ್ಲ. ಇನ್ನೂ ಚಿಕ್ಕದಿದೆ, ಗುರುವಾರವೇ ತೆಗೆದುಬಿಡೋಣ, ಕಾದಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅಳು ತಡೆಯಲಾಗಲಿಲ್ಲ.

"ಅಳ್ತೀಯಾಕೆ? ಹುಡುಕಿ ಕೊಟ್ಟೆಯಲ್ಲ."

"ಹುಡುಕಿ ಕೊಟ್ಟಿದ್ದಕ್ಕೇ ಅತ್ತೆ."

ಅತ್ತೆ ಸೆರಗಿನಿಂದ ಮೊದಲು ತಮ್ಮ ಕಣ್ಣು ಒರೆಸಿಕೊಂಡರು, ಆಮೇಲೆ ಸೊಸೆಯದು.

"ಗುರುವಾರ ರಜೆ ಹಾಕು," ಎಂದರು. "ನನ್ನ ಮಗ ಬೇಡ, ಅವನು ಹೆದರ್ತಾನೆ. ನೀನೇ ಇರು."