ಕರೆಪ್ಪ ಕಟ್ಟಿದ ಗೋಡೆ

ಕರೆಪ್ಪ ತಿಕೋಟಾದ ಗೌಂಡಿ, ಕಲ್ಲಿನ ಮನೆ ಕಟ್ಟುವವನು. ಅವನ ಕೈಕೆಳಗೆ ನಾನು ಎಷ್ಟೋ ವರ್ಷ ಕಲ್ಲು ಹೊತ್ತಿದ್ದೇನೆ. ಅವನು ಕುಡಿಯುತ್ತಿದ್ದ ಎಂಬುದನ್ನೇನೂ ನಾನು ಮುಚ್ಚಿಡುವುದಿಲ್ಲ. ಬಿಜಾಪುರದಲ್ಲಿ ಒಂದು ಮಾಳಿಗೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಶುರುವಾದದ್ದು ಅದು. ಆಗ ಪಾನನಿರೋಧವಿತ್ತು. ಕಳ್ಳಭಟ್ಟಿಯನ್ನು ಊರ ದೊಡ್ಡವರೂ ತರಿಸುತ್ತಿದ್ದರು. ಐವತ್ತೊಂಬತ್ತನೇ ಇಸವಿಯಲ್ಲಿ ಪೊಲೀಸರು ಹಿಡಿದು ಸಂತೆಯ ನಡುವೆ ನಡೆಸಿಕೊಂಡು ಹೋದದ್ದು ಮಾತ್ರ ಕರೆಪ್ಪನನ್ನು. ಅಂದಿನಿಂದ ಅವನು ಅದನ್ನು ಮುಟ್ಟಲಿಲ್ಲ. ಕುಡಿದದ್ದನ್ನು ಕಂಡ ಜನಕ್ಕೆ ಬಿಟ್ಟದ್ದು ಕಾಣಲಿಲ್ಲ.

ಮೂರು ವರ್ಷ ಅವನಿಗೆ ಯಾರೂ ಮನೆ ಕಟ್ಟಲು ಕೊಡಲಿಲ್ಲ. ದನದ ಕೊಟ್ಟಿಗೆಗೆ, ಹೊಲದ ಒಡ್ಡಿಗೆ ಕರೆಯುತ್ತಿದ್ದರು. ಕೊನೆಗೆ ಬಬಲೇಶ್ವರದ ಕಾಳಿನ ವ್ಯಾಪಾರಿ ಬಸಲಿಂಗಯ್ಯ ತನ್ನ ಮನೆ ಕೊಟ್ಟ. "ಇದೊಂದು ನೆಟ್ಟಗ ನಿಂತ್ರ ನನ್ನ ಮತ್ತ ಗೌಂಡಿ ಅಂತಾರ ನೋಡು," ಎಂದು ಕರೆಪ್ಪ ನನಗೆ ಹೇಳಿದ್ದ.

ಮಣ್ಣಿನ ಕೆಸರಿಟ್ಟು ಕಟ್ಟುವ ಕಲ್ಲಿನ ಗೋಡೆ ಎದೆಮಟ್ಟಕ್ಕೆ ಬಂದರೆ ಒಣಗಲು ಬಿಡಬೇಕು. ಬಸಲಿಂಗಯ್ಯನಿಗೋ ಆಷಾಢ ಕೂಡುವುದರೊಳಗೆ ತೊಲೆ ಏರಿಸುವ ಅವಸರ.

"ಎಂಟು ದಿನ ಬಿಡ್ರಿ, ಗ್ವಾಡಿ ಹಸಿ ಐತಿ," ಎಂದ ಕರೆಪ್ಪ.

"ತೊಲಿ ಏರಸಾಕ ಸ್ವಾಮಿಗಳು ಛಲೋ ದಿನಾ ತಗದು ಕೊಟ್ಟಾರ. ನಿನಗ ಆಗೂದಿಲ್ಲಂದ್ರ ಹೇಳು, ಬ್ಯಾರೆದವರನ್ನ ಕರೀತೇನಿ."

ಕರೆಪ್ಪ ಹಸಿ ಗೋಡೆಯ ಮೇಲೆಯೇ ಮುಂದಕ್ಕೆ ಕಟ್ಟಿದ. ತೊಲೆ ಏರಿದ ಮೂರನೆಯ ದಿನ ಗೋಡೆ ಉಬ್ಬಿ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

"ಕುಡುದು ಕಟ್ಯಾನ," ಎಂದ ಬಸಲಿಂಗಯ್ಯ, ನೆರೆದ ಮಂದಿಯ ಎದುರು.

ಅವರಿಬ್ಬರ ಮಾತು ನಡೆದಾಗ ನಾನು ಅಲ್ಲೇ ಇದ್ದೆ. ಎಲ್ಲ ಗೊತ್ತಿತ್ತು. ಬಿದ್ದ ಕಲ್ಲುಗಳನ್ನು ಬದಿಗೆ ಸರಿಸುತ್ತ ನಿಂತೆ, ಒಂದು ಮಾತೂ ಆಡಲಿಲ್ಲ. ನನಗೆ ಅಲ್ಲಿನ ಕೆಲಸ ಬೇಕಿತ್ತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಲ್ಲು ತೆಗೆದು, ನಾನೂ ಕರೆಪ್ಪನೂ ಬಿಜಾಪುರದಲ್ಲಿ ಬಸ್ಸು ಬದಲಿಸಿ ತಿಕೋಟಾಕ್ಕೆ ಬರುವಷ್ಟರಲ್ಲಿ ಸುದ್ದಿ ಮುಂದಾಗಿತ್ತು. ಅವನ ಹೆಂಡತಿ ಸೋನಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ, ಅಳಲಿಲ್ಲ.

"ಬಾಯಿ ತಗೀರಿ," ಎಂದಳು.

ಅವನು ತೆರೆದ. ಅವಳು ಮೂಗು ಹತ್ತಿರ ತಂದು ಮೂಸಿದಳು.

"ವಾಸನಿ ಇಲ್ಲ. ಮತ್ತ ಗ್ವಾಡಿ ಹೆಂಗ ಬಿತ್ತು?"

ಕರೆಪ್ಪ ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ರೊಟ್ಟಿ ತಿಂದ.

ಆಮೇಲೆ ಐದಾರು ವರ್ಷ ಅವನ ಜೊತೆ ಕೆಲಸ ಕೇಳುತ್ತ ಊರೂರು ತಿರುಗಿದ್ದೇನೆ. ಯಾರ ಮನೆ ಮುಂದೆ ನಿಂತರೂ ಕರೆಪ್ಪ ಮೊದಲು ಕೆಲಸದ ಮಾತು ತೆಗೆಯುತ್ತಿರಲಿಲ್ಲ. ಮನೆಯವರ ಹತ್ತಿರ ಹೋಗಿ, ಅವರು ಏನೂ ಕೇಳದಿದ್ದರೂ, ಬಾಯಿ ತೆರೆದು ನಿಲ್ಲುತ್ತಿದ್ದ.