ಮೈರೋ ಖಾಲಾಳ ನೀಲಿ ಬಾಗಿಲು

ಸೌದಿಯ ಜಿದ್ದಾದಲ್ಲಿ ನಾನು ಕಂಡ ಹಟಮಾರಿಗಳಲ್ಲಿ ಮೈರೋ ಖಾಲಾ ಮೊದಲನೆಯವಳು. ನಾವೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದ ಅವಳು ಶರಫಿಯಾ ಪೇಟೆಯ ನನ್ನ ಬಡಗಿ ಅಂಗಡಿಯ ಮುಂದೆ ಹುರಿದ ನೆಲಗಡಲೆ ಮಾರುತ್ತಿದ್ದಳು. ಅವಳ ಅಜ್ಜ ಆಫ್ರಿಕದ ಕಾನೋದಿಂದ ಹಜ್ಜಿಗೆಂದು ಬಂದು ಇಲ್ಲೇ ಉಳಿದವನು. ಅಂಥವರ ಮಕ್ಕಳು ಮೊಮ್ಮಕ್ಕಳೇ ತುಂಬಿದ್ದ ಅವಳ ಕೇರಿಯನ್ನು ಜನ ತಕ್ರೂನಿಗಳ ಕೇರಿ ಎನ್ನುತ್ತಿದ್ದರು. ಅಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ಕಾನೋದ ಹಾಜಿಗಳು ಮೈರೋಳ ನೀಲಿ ಬಾಗಿಲು ಎಲ್ಲಿ ಎಂದು ಕೇಳಿಕೊಂಡೇ ಬಂದು ತಲುಪುತ್ತಿದ್ದರು.

೧೯೯೪ರಲ್ಲಿ ಅಗಲ ರಸ್ತೆಗಾಗಿ ಕೇರಿಯನ್ನು ಕೆಡವಿದರು. ನೂರು ವರ್ಷದ ಕೇರಿಗೆ ನಾಲ್ಕು ದಿನ ಸಾಕಾಯಿತು. ನೆರೆಯವರು ದಿಕ್ಕಿಗೊಬ್ಬರಾದರು, ಖಾಲಾ ಊರಾಚೆ ಬಾಡಿಗೆ ಕೋಣೆ ಹಿಡಿದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಚಿಂತೆ ಬೇರೆ. ಮದುವೆಯಾಗಿ ಕಾನೋಗೆ ಹೋಗಿದ್ದ ತಂಗಿ ಹವ್ವಾ ಇಪ್ಪತ್ತೆರಡು ವರ್ಷದ ಮೇಲೆ ಆ ಸಲ ಹಜ್ಜಿಗೆ ಬರುವವಳಿದ್ದಳು. ಹಿಂದಿನ ವರ್ಷದ ಹಾಜಿಗಳ ಬಾಯಲ್ಲಿ ಹೇಳಿ ಕಳಿಸಿದ್ದಳು. ಅವಳಿಗೆ ಹೊಸ ವಿಳಾಸ ಮುಟ್ಟಿಸುವ ದಾರಿಯೇ ಇರಲಿಲ್ಲ.

“ಹಸನ್, ಬಾಗಿಲು ಉಳಿಸಿಕೊಂಡಿದ್ದೇನೆ. ಮನೆ ಇದ್ದಲ್ಲೇ ನಿಲ್ಲಿಸಿಕೊಡು,” ಎಂದಳು ಖಾಲಾ ನನಗೆ.

ನನ್ನ ಜೊತೆ ಕೆಲಸ ಮಾಡುವ ಸಿದ್ದೀಕ್ ನಕ್ಕುಬಿಟ್ಟ. “ಎಂತ ಮಾರಾಯ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಾ?”

“ನೀನು ಬಾಯಿ ಮುಚ್ಚಿ ಚಿಲಕ ಬಿಗಿ ಮಾಡು,” ಎಂದೆ.

ರಸ್ತೆಯಂಚಿನಲ್ಲಿ ಮರಳು ತುಂಬಿದ ಎರಡು ಡ್ರಮ್ಮುಗಳ ನಡುವೆ ಬಾಗಿಲನ್ನು ಚೌಕಟ್ಟು ಸಮೇತ ನಿಲ್ಲಿಸಿದೆವು. ಖಾಲಾ ಅದರ ಹಿಂದಿನ ನೆರಳಲ್ಲಿ ಕಡಲೆ ಹುರಿಯುತ್ತ ಕೂತಳು. ನಗರಸಭೆಯ ಮೇಸ್ತ್ರಿ ಬಂದು ನೋಡಿದ, ಒಂದು ಹಿಡಿ ಕಡಲೆ ತಿಂದ, ಹಜ್ಜ್ ಮುಗಿದು ಹತ್ತು ದಿನದೊಳಗೆ ತೆಗೆಯಬೇಕು ಎಂದು ಹೇಳಿ ಹೋದ.

ಹಜ್ಜ್ ಮುಗಿಯಿತು. ಹತ್ತನೆಯ ದಿನ ಸಂಜೆ ಬಾಗಿಲು ಕೀಳಲು ನಾನು ಸಲಕರಣೆ ಹಿಡಿದು ಹೋದೆ.

“ಅಸರ್ ನಮಾಜ್ ಮಾಡಿದ್ದೇನೆ. ಹೊತ್ತು ಮುಳುಗಿ ಮಗ್ರಿಬ್ ಆಗುವವರೆಗೆ ಕಾಯೋಣ,” ಎಂದಳು ಖಾಲಾ.

ಸೂರ್ಯ ಇಳಿಯುವ ಹೊತ್ತಿಗೆ ತಲೆಯ ಮೇಲೆ ಗಂಟು ಹೊತ್ತ ಒಬ್ಬ ತೆಳ್ಳಗಿನ ಹೆಂಗಸು ಬಂದಳು. ಬಯಲನ್ನು ನೋಡಿದಳು. ಬಾಗಿಲನ್ನು ನೋಡಿದಳು. ಸುತ್ತಿಕೊಂಡು ಬಂದಿದ್ದರೆ ಎರಡು ಹೆಜ್ಜೆ, ಅಷ್ಟೆ. ಅವಳು ಗಂಟು ಇಳಿಸಿ ಮೂರು ಸಲ ಬಾಗಿಲು ತಟ್ಟಿದಳು.

ಖಾಲಾ ಎದ್ದು, ಕೈ ಒರೆಸಿಕೊಂಡು, ಚಿಲಕ ತೆಗೆದಳು.

“ಇಷ್ಟು ತಡವಾ? ಒಳಗೆ ಬಾ.”

ನನಗೆ ಅಳು ತಡೆಯಲಾಗಲಿಲ್ಲ. ಹವ್ವಾ ಚಪ್ಪಲಿಯನ್ನು ಹೊರಗೆ ಬಿಟ್ಟು ಹೊಸಿಲು ದಾಟಿದಳು.