ಗಿಡಾ ತಗೀರಿ, ಸಾಹೇಬ್ರ

ಟಿಳಕವಾಡಿಯ ನಮ್ಮ ಬಗೀಚಾವನ್ನು ಹೊಸದಾಗಿ ಮಾಡ್ತಾರಂತೆ ಎಂಬ ಸುದ್ದಿ ಬಂದಾಗ ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಅಂದರೆ ನನ್ನ ಹೆಸರು ಕಾಲೇಜಿನಲ್ಲಿತ್ತು, ನಾನು ಬಗೀಚಾದಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಗೀಚಾ ಅಂದರೆ ಒಂದು ಖೋಖೋ ಅಂಗಳ, ಚಡ್ಡಿ ಹರಿಯುವ ಒಂದು ಜಾರುಬಂಡಿ, ಕಿರಗುಡುವ ಎರಡು ಜೋಕಾಲಿ, ಬಲೆ ಇಲ್ಲದ ವಾಲಿಬಾಲ್ ಕಂಬ. ನಟ್ಟನಡುವೆ ಒಂದು ನೇರಲ ಗಿಡ. ಅದರ ನೆರಳಿನಲ್ಲಿ ಅರ್ಧ ಓಣಿ ಕೂಡಬಹುದಿತ್ತು, ಕೂಡುತ್ತಲೂ ಇತ್ತು.

ಗಿಡ ಮಾಲಿ ಕಾಕಾನದು. ಖಾನಾಪುರದ ಬಾಜುವಿನ ಹಳ್ಳಿಯಿಂದ ದಿನಾ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದ ಮುದುಕ. ಎಷ್ಟೋ ವರ್ಷದ ಹಿಂದೆ ಊಟದ ಡಬ್ಬಿಯಲ್ಲಿ ಮಣ್ಣು ತುಂಬಿ, ಸಸಿಯಿಟ್ಟು, ಅದೇ ಗಾಡಿಯಲ್ಲಿ ತಂದು ನೆಟ್ಟಿದ್ದ. "ಆವತ್ತ ನಾ ಉಪಾಸ ಇದ್ದೆ ನೋಡು," ಅಂತ ಪ್ರತಿ ಹಣ್ಣಿನ ಸುಗ್ಗಿಗೂ ನೆನಪಿಸುತ್ತಿದ್ದ. ಮನೆಮಾತು ಮರಾಠಿ, ನಮ್ಮ ಕೂಡ ಕನ್ನಡ, ಸಿಟ್ಟು ಬಂದರೆ ಎರಡೂ.

ನನಗೆ ಒಂದೇ ವಿದ್ಯೆ ಬರುತ್ತಿತ್ತು: ನಕಲು. ನಿವೃತ್ತ ಹೆಡ್‌ಮಾಸ್ತರರು ಮೂಗಿನಿಂದ "ಹ್ಞಾಂ" ಅನ್ನುವುದು, ನಮ್ಮಪ್ಪ ಸೀನುವ ಮೊದಲು ಇಡೀ ಮನೆಗೆ ಮುನ್ಸೂಚನೆ ಕೊಡುವುದು, ಖೋಖೋದಲ್ಲಿ ಎಲ್ಲರಿಗಿಂತ ಮೊದಲು ಔಟಾದ ನಾನು ಅಂಪೈರಿನ ಮೇಲೆ ಏರಿಹೋಗುವುದು. ಆದರೆ ಬೇಡಿಕೆ ಹೆಚ್ಚು ಮಾಲಿ ಕಾಕಾನಿಗೇ. ಕಾಲೊಂದನ್ನು ಎಳೆಯುತ್ತಾ, ಕತ್ತು ಅಲ್ಲಾಡಿಸುತ್ತಾ ಅವನ ಹಾಗೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಹುಡುಗರೆಲ್ಲ ಉರುಳಾಡುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಏನೋ ಹೇಳುವವನಂತೆ ಬಾಯಿ ತೆರೆದು, "ಬಿಡು ಅತ್ಲಾಗ," ಅಂತ ನೀರಿನ ಪೈಪು ಹಿಡಿದು ಹೋಗಿಬಿಡುತ್ತಿದ್ದ.

ಒಂದು ರವಿವಾರ ಸಂಜೆ ಎಂಜಿನಿಯರ್ ಸಾಹೇಬರು ಬಂದರು. ಮೈಸೂರು ಕಡೆಯವರು, ನಮ್ಮೂರಿಗೆ ಬಂದು ತಿಂಗಳೂ ಆಗಿರಲಿಲ್ಲ. ನೇರಲ ಗಿಡದ ಕೆಳಗೇ ನಕಾಶೆ ಬಿಚ್ಚಿ ಎಲ್ಲರಿಗೂ ತೋರಿಸಿದರು. ಹೊಸ ಖೋಖೋ ಅಂಗಳ, ಬ್ಯಾಡ್ಮಿಂಟನ್, ಸ್ಕೇಟಿಂಗ್ ಕಟ್ಟೆ, ಹಿರಿಯರಿಗೆ ಬೆಂಚು, ಎಲ್ಲ ಇತ್ತು. ಗಿಡ ಇರಲಿಲ್ಲ. ಅದಿದ್ದ ಜಾಗದಲ್ಲಿ ಖೋಖೋ ಕಂಬ ನಿಂತಿತ್ತು.

ಕಾಕಾನಿಗೆ ಅಕ್ಷರ ಬಾರದಿದ್ದರೂ ಅದು ಕಂಡಿತು. ನಕಾಶೆಯ ಮೇಲೆ ಬೆರಳಿಟ್ಟು, "ಎಲ್ಲಾ ಬರೋಬರ್ ಐತ್ರಿ ಸಾಹೇಬ್ರ. ಆದ್ರ ಇಲ್ಲಿ ಗಿಡಾ ತಗೀರಿ," ಅಂದ.

ಸಾಹೇಬರು ನನ್ನತ್ತ ನೋಡಿದರು. "ಏನಂತಾರಪ್ಪಾ ಇವರು?"

ನೆಟ್ಟಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಮಂದಿ ಕೂಡಿದ್ದರು, ನನ್ನ ನಾಲಿಗೆ ತುರಿಸಿತು. ಎದ್ದು, ಕಾಲೆಳೆದು, ಕತ್ತು ಅಲ್ಲಾಡಿಸಿ, "ಗಿಡಾಆ ತಗೀರೀ, ಸಾಹೇಬ್ರಾ!" ಅಂದೆ. ಸಭೆ ನಕ್ಕಿತು. ಸಾಹೇಬರೂ ನಕ್ಕರು. "ಮಾಲೀನೇ ತೆಗೀರಿ ಅಂದ್ಮೇಲೆ ಇನ್ನೇನಿದೆ? ತೆಗೆಯೋಣ," ಅಂತ ಕೆಂಪು ಪೆನ್ಸಿಲಿನಲ್ಲಿ ಅಲ್ಲೊಂದು ಗುರುತು ಹಾಕಿದರು. ಕಾಕಾ ಕೈಮುಗಿದ. ಆಮೇಲೆ "ಚಲೋ ಹೇಳಿದಿ" ಅಂತ ನನಗೆ ಚಹಾ ಬೇರೆ ಕುಡಿಸಿದ.

ಗುರುವಾರ ಮುಂಜಾನೆ ಇಬ್ಬರು ಆಳುಗಳು ಕೊಡಲಿ, ಹಗ್ಗ ಹಿಡಿದು ಬಂದರು. ಒಬ್ಬ ಸರಸರ ಮೇಲೇರಿದ. ಕಾಕಾ ಓಡಿಬಂದು ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತ.

"ಏ, ಇಳೀರಿ! ಸಾಹೇಬ್ರು ಗಿಡಾ ತಗೀತೀನಿ ಅಂದಾರ!"

"ಹೌದೋ ಯಪ್ಪಾ," ಅಂದ ಮೇಲಿನವನು, "ಅದನ್ನ ತಗ್ಯಾಕ ಬಂದೇವಿ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಸೈಕಲ್ ಹತ್ತಿ ದಂಡಿನ ಕ್ಯಾಂಪಿನ ಕಡೆಯ ಎಂಜಿನಿಯರ್ ಆಫೀಸಿಗೆ ಹಾರಿದೆ. ಸಾಹೇಬರು ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡೊಡನೆ ಮುಖ ಅರಳಿತು. "ಬಾಪ್ಪಾ, ಇವತ್ತು ಯಾರದು ಮಾಡ್ತೀಯಾ?"

"ಯಾರದೂ ಅಲ್ರೀ ಸರ್, ಇದು ನಂದ ದನಿ," ಅಂದೆ. ಅದಕ್ಕೂ ನಕ್ಕರು. ಏದುಸಿರು ಬಿಡುತ್ತಾ ನಿಂತ ನಾನು ಯಾರದೋ ನಕಲಿನಂತೆಯೇ ಕಂಡಿರಬೇಕು. ಹೇಳಿದರೆ ನಂಬುವವರಿಲ್ಲ. ಮೇಜಿನ ಮೇಲಿನ ಪೆನ್ಸಿಲ್ ಎತ್ತಿಕೊಂಡು ಹಾಳೆಯ ಮೇಲೆ ಗೀಚಿದೆ. "ಸರ್, ಇದಕ್ಕ ನಾವು ಚಿತ್ರಾ ತಗಿಯೂದು ಅಂತೀವ್ರಿ. ನೀವು ಬರಿ ಅಂತೀರಿ, ನಾವು ತಗಿ ಅಂತೀವಿ. ಮರಕ್ಕೂ ನಾವು ಗಿಡಾ ಅಂತೀವಿ. ಅವ ಹೇಳಿದ್ದು, ನಕಾಶಿದಾಗ ಮರ ಬರೀರಿ ಅಂತ. ಕಡೀರಿ ಅಂತ ಅಲ್ರೀ!"

ಅವರು ಹಾಳೆಯನ್ನು ತಿರುಗಿಸಿ ನೋಡಿದರು. "ಇದು ಮರಾನಾ? ನಾನು ಛತ್ರಿ ಅಂದ್ಕೊಂಡೆ." ಆಮೇಲೆ ಸಟ್ಟನೆ ಎದ್ದರು. ಜೀಪು ಇರಲಿಲ್ಲ. ನನ್ನ ಸೈಕಲ್ಲಿನ ಹಿಂದೆ, ಕ್ಯಾರಿಯರ್ ಮೇಲೆ ಕುಳಿತೇ ಬಂದರು; ಪ್ರತಿ ತಗ್ಗಿಗೂ "ಅಯ್ಯಯ್ಯಪ್ಪಾ" ಅಂದರು. ಆ "ಅಯ್ಯಯ್ಯಪ್ಪಾ" ನನಗೆ ಇವತ್ತಿಗೂ ಚೆನ್ನಾಗಿ ಬರುತ್ತದೆ.

ನಾವು ಮುಟ್ಟುವಷ್ಟರಲ್ಲಿ ಜೋಕಾಲಿ ಕಡೆಯ ದೊಡ್ಡ ಕೊಂಬೆ ನೆಲದ ಮೇಲಿತ್ತು. ಉಳಿದದ್ದು ಉಳಿಯಿತು. ಸಾಹೇಬರು ಅಲ್ಲೇ ನಿಂತು ಕೊಡಲಿಗಳನ್ನು ವಾಪಸು ಕಳಿಸಿ, ನಕಾಶೆಯಲ್ಲಿ ಒಂದು ದುಂಡನೆಯ ಗುರುತು ತೆಗೆದು, ಕಾಕಾನಿಗೆ ತೋರಿಸಿ ಹೂಂ ಅನ್ನಿಸಿಕೊಂಡರು. ಗಿಡ ತಪ್ಪಿಸಲು ಖೋಖೋ ಅಂಗಳವನ್ನು ಅಡ್ಡ ತಿರುಗಿಸಬೇಕಾಯಿತು. ಸಂಜೆ ಆಡುವವರಿಗೆ ಬಿಸಿಲು ಸೀದಾ ಕಣ್ಣಿಗೆ. ನಾನು ಮೊದಲು ಔಟಾಗಲು ಅದೂ ಒಂದು ನೆಪವಾಯಿತು.

ಆವತ್ತು ಎಲ್ಲರೂ ಹೋದ ಮೇಲೆ ಕಾಕಾನ ಹತ್ತಿರ ಕುಳಿತೆ. ಅವ ಬಿದ್ದ ಕೊಂಬೆಯ ಎಲೆ ಬಿಡಿಸುತ್ತಿದ್ದ.

"ತಪ್ಪಾತು ಕಾಕಾ. ಇನ್ನ ನಿನ್ನ ನಕಲು ಮಾಡಂಗಿಲ್ಲ."

"ಮಾಡಬ್ಯಾಡ ಅಂದವ್ರು ಯಾರು?" ಅಂದ. "ನನಗ ನೋಯೂದು ಎಡಗಾಲು. ನೀ ಯಾವಾಗ್ಲೂ ಬಲಗಾಲು ಎಳೀತಿ. ಎಷ್ಟ ವರ್ಷಾತು, ಹೇಳಬೇಕ ಹೇಳಬೇಕ ಅಂತಿದ್ದೆ. ಏಳು, ಬರೋಬರ್ ಮಾಡು."

ಎದ್ದೆ. ಎಡಗಾಲೆಳೆದು ಗಿಡವನ್ನು ಒಂದು ಸುತ್ತು ಹಾಕಿದೆ.

"ಕತ್ತು ಅಷ್ಟ ಅಲ್ಲಾಡಂಗಿಲ್ಲಲೇ," ಅಂದ ಕಾಕಾ. "ಇನ್ನೊಂದ ಸುತ್ತ ಬಾ."